ಸೀಟಿ ಹಿಡಿದ ಹುಡುಗನೂ ನಮ್ಮ ಮಗನೇ

ಕಳೆದ ಚಳಿಗಾಲದ ಒಂದು ಭಾನುವಾರ. ಬಾಗಲಕೋಟೆ ಜಿಲ್ಲೆಯ ಈ ಭಾಗದ ಒಂದು ಊರಿನಲ್ಲಿ ಹದಿನಾರು ವರ್ಷದೊಳಗಿನ ಹುಡುಗರ ಫುಟ್ಬಾಲ್ ಪಂದ್ಯ ನಡೆಯುತ್ತಿತ್ತು. ರೆಫರಿಯಾಗಿ ನಿಂತವನು ಪಿಯುಸಿ ಓದುವ ಹುಡುಗ, ನಮ್ಮಲ್ಲೇ ಮದ್ರಸ ಕಲಿತವನು. ಸಂಘಟಕರು ಕೇಳಿಕೊಂಡರು ಅಂತ ಒಪ್ಪಿದ್ದ. ಸಂಬಳ ಇಲ್ಲ, ಆಟ ಮುಗಿದ ಮೇಲೆ ಒಂದು ಗ್ಲಾಸ್ ಜ್ಯೂಸ್, ಅಷ್ಟೇ.

ಆಟ ಮುಗಿಯಲು ಐದು ನಿಮಿಷ ಇರುವಾಗ ಒಂದು ಗೋಲನ್ನು ಅವನು ಆಫ್‌ಸೈಡ್ ಎಂದ. ಅಲ್ಲಿಗೆ ಮುಗೀತು. ಗೆರೆಯ ಹೊರಗಿದ್ದ ದೊಡ್ಡವರು ಒಳಗೆ ನುಗ್ಗಿದರು. "ಏ ರೆಫರಿ, ಕಣ್ಣ ಕಾಣಂಗಿಲ್ಲೇನ್ಲೇ?" "ಎಷ್ಟ ರೊಕ್ಕ ತಿಂದಿ?" ಅಂತ ಶುರುವಾದದ್ದು ಅವನ ಉಮ್ಮನ ಹೆಸರು ಎತ್ತುವಲ್ಲಿಗೆ ಹೋಯಿತು. ಯಾರೋ ಅಂಗಿ ಹಿಡಿದು ಎಳೆದರು. ಗುಂಡಿ ಕಿತ್ತು ಬಂತು.

ನಾವು ಅಲ್ಲೇ ನಿಂತಿದ್ದೆವು. ಬೈಯಲಿಲ್ಲ, ನಿಜ. ಆದರೆ "ಬಿಡ್ರಪ್ಪಾ" ಅಂತಲೂ ಹೇಳಲಿಲ್ಲ. ಗೋಲು ಕಳಕೊಂಡದ್ದು ನಮ್ಮ ಮದ್ರಸದ ಮಕ್ಕಳಿದ್ದ ತಂಡ; ಒಳಗೊಳಗೆ ನಮಗೂ ಆ ಗೋಲು ಸರಿ ಅಂತಲೇ ಅನಿಸಿತ್ತು. ಮರುದಿನ ಆ ಹುಡುಗ ಸೀಟಿಯನ್ನು ಸಂಘಟಕರಿಗೆ ವಾಪಸ್ ಕೊಟ್ಟು ನಮ್ಮ ಹತ್ತಿರ ಬಂದ. "ಉಸ್ತಾದ್, ಇನ್ನ ನಾ ಸೀಟಿ ಹಿಡಿಯಂಗಿಲ್ರಿ. ನೀವೂ ಸುಮ್ಕ ನಿಂತಿದ್ರಿ" ಅಂದ. ಅವನ ಆ ಮಾತಿಗೆ ಅವತ್ತು ನಮ್ಮಲ್ಲಿ ಉತ್ತರ ಇರಲಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಆಟ ಅಂದರೆ ಮೊದಲು ನೆನಪಾಗುವುದು ಕುಸ್ತಿ, ಆಮೇಲೆ ಕಬಡ್ಡಿ. ಫುಟ್ಬಾಲಿನ ಹುಚ್ಚು ಹೆಚ್ಚು ಇರುವುದು ನಮ್ಮ ಕರಾವಳಿಯಲ್ಲಿ. ಇಲ್ಲಿನ ಕುಸ್ತಿ ಕಣದಲ್ಲಿ ಒಂದು ಒಳ್ಳೆಯ ರೂಢಿ ಇದೆ. ಪೈಲ್ವಾನರು ಮಣ್ಣು ಮುಟ್ಟಿ, ಕೈ ಕೊಟ್ಟು ಹಿಡಿತಕ್ಕೆ ಇಳಿಯುತ್ತಾರೆ. ಪಂಚರು ಗೆದ್ದವನ ಕೈ ಎತ್ತಿದ ಮೇಲೆ ಸೋತವನು ಮೈಮೇಲಿನ ಮಣ್ಣು ಕೊಡವಿಕೊಂಡು ಹೊರಗೆ ನಡೆಯುತ್ತಾನೆ. ಪಂಚರ ಮಾತಿಗೆ ಅಷ್ಟು ಬೆಲೆ. ಕಬಡ್ಡಿಯಲ್ಲಿ ಒಬ್ಬ ರೆಫರಿ, ಇಬ್ಬರು ಅಂಪೈರ್ ಇರುತ್ತಾರೆ. ಹಸಿರು, ಹಳದಿ, ಕೆಂಪು ಅಂತ ಮೂರು ಕಾರ್ಡ್ ಇವೆ. ಫುಟ್ಬಾಲಿನ ಹಳದಿ, ಕೆಂಪು ಕಾರ್ಡ್ ಮೊದಲು ಬಂದದ್ದು 1970ರ ಮೆಕ್ಸಿಕೋ ವಿಶ್ವಕಪ್‌ನಲ್ಲಿ. ಇಂಗ್ಲೆಂಡಿನ ರೆಫರಿ ಕೆನ್ ಆಸ್ಟನ್ ಅವರಿಗೆ ರಸ್ತೆಯ ಟ್ರಾಫಿಕ್ ಲೈಟ್ ನೋಡಿ ಹೊಳೆದ ಉಪಾಯ ಅದು. ಆದರೆ ಈ ಕಾರ್ಡ್‌ಗಳೆಲ್ಲ ಆಟಗಾರರಿಗೆ, ಕೋಚ್‌ಗಳಿಗೆ. ಗೆರೆಯ ಹೊರಗೆ ನಿಂತ ನಮಗೆ ಕಾರ್ಡ್ ತೋರಿಸುವವರು ಯಾರು?

ಆ ಆಫ್‌ಸೈಡ್ ವಿಷಯವನ್ನೇ ನೋಡೋಣ. ಆಟಗಾರನಿಗೆ ಚೆಂಡು ತಲುಪಿದಾಗ ಅವನು ಎಲ್ಲಿದ್ದ ಅನ್ನುವುದು ಲೆಕ್ಕಕ್ಕಿಲ್ಲ. ಅವನ ಜೊತೆಗಾರ ಚೆಂಡು ಒದ್ದ ಕ್ಷಣದಲ್ಲಿ ಎಲ್ಲಿದ್ದ ಅನ್ನುವುದೇ ಲೆಕ್ಕ. ನಮ್ಮ ಕಣ್ಣು ಚೆಂಡಿನ ಹಿಂದೆ ಓಡುತ್ತದೆ, ಹಾಗಾಗಿ ನಮಗೆ ಕಾಣುವುದು ತಲುಪಿದ ಕ್ಷಣ ಮಾತ್ರ. ಗೋಲ್‌ಪೋಸ್ಟ್ ಹಿಂದೆ ನಿಂತವನಿಗಂತೂ ಯಾರು ಮುಂದೆ, ಯಾರು ಹಿಂದೆ ಅಂತ ಗೊತ್ತಾಗುವುದೇ ಇಲ್ಲ. ಟಿವಿಯಲ್ಲಿ ಬರುವ ದೊಡ್ಡ ಪಂದ್ಯಕ್ಕೆ ಗೆರೆಯಲ್ಲಿ ಇಬ್ಬರು ಸಹಾಯಕರು, ಹತ್ತಾರು ಕ್ಯಾಮೆರಾ, ವಿಎಆರ್ ಎಲ್ಲ ಇವೆ. ಆದರೂ ಜಗಳ ತಪ್ಪಿಲ್ಲ. ನಮ್ಮಲ್ಲಿ ಇದ್ದದ್ದು ಒಬ್ಬ ಹುಡುಗ, ಒಂದು ಸೀಟಿ. ಆಮೇಲೆ ಯಾರೋ ಮೊಬೈಲ್‌ನಲ್ಲಿ ತೆಗೆದ ವಿಡಿಯೋ ನೋಡಿದೆವು. ಮೂರು ಸಲ ನೋಡಿದರೂ ನಮಗೆ ತೀರ್ಮಾನಕ್ಕೆ ಬರಲಾಗಲಿಲ್ಲ. ಅವನಿಗೆ ಸಿಕ್ಕಿದ್ದು ಒಂದೇ ಸಲ.

ಇಂಥ ಸಿಟ್ಟು ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ಉದಾಹರಣೆ ಬೇಕಷ್ಟಿವೆ. 1980ರ ಆಗಸ್ಟ್ 16ರಂದು ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗನ್-ಈಸ್ಟ್ ಬೆಂಗಾಲ್ ಪಂದ್ಯ ನೋಡಲು ಹೋದ 16 ಮಂದಿ ಗಲಾಟೆ, ನೂಕುನುಗ್ಗಲಿನಲ್ಲಿ ಸತ್ತರು. 2012ರ ಡಿಸೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸಿನ ಅಲ್ಮೆರೆ ಎಂಬ ಊರಲ್ಲಿ ಹುಡುಗರ ಪಂದ್ಯಕ್ಕೆ ಲೈನ್ಸ್‌ಮನ್ ಆಗಿದ್ದ ತಂದೆಯೊಬ್ಬರನ್ನು ಎದುರಾಳಿ ತಂಡದವರು ಹೊಡೆದರು. ಮರುದಿನ ಅವರು ತೀರಿಕೊಂಡರು. ಅವರ ಮಗ ಅದೇ ಪಂದ್ಯದಲ್ಲಿ ಆಡುತ್ತಿದ್ದ. ಶಿಕ್ಷೆಯಾದವರಲ್ಲಿ ಹದಿಹರೆಯದ ಹುಡುಗರ ಜೊತೆ ಒಬ್ಬ ಹುಡುಗನ ತಂದೆಯೂ ಇದ್ದ. ದೂರದ್ದು ಬಿಡಿ. 2024ರ ಮಾರ್ಚ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಅರೀಕೋಡ್ ಬಳಿ ಸೆವೆನ್ಸ್ ಪಂದ್ಯದಲ್ಲಿ ಆಫ್ರಿಕಾದ ಐವರಿ ಕೋಸ್ಟ್‌ನಿಂದ ಬಂದ ಆಟಗಾರನನ್ನು ಪ್ರೇಕ್ಷಕರು ಅಟ್ಟಿಸಿಕೊಂಡು ಹೊಡೆದರು. ತನ್ನ ಬಣ್ಣ ಹಿಡಿದು ಬೈದರು ಅಂತ ಅವರು ಪೊಲೀಸರಿಗೆ ದೂರು ಕೊಟ್ಟರು. ಬಿಲಾಲ್(ರ) ಅವರ ಕಥೆ ಹೇಳಿ ಮಕ್ಕಳನ್ನು ಬೆಳೆಸುವವರು ನಾವು. ಆ ಸುದ್ದಿ ಓದುವಾಗ ತಲೆ ತಗ್ಗಿತು.

ನಮ್ಮ ದೀನ್ ಆಟವನ್ನು ಬೇಡ ಅಂದಿಲ್ಲ. ಪ್ರವಾದಿ(ಸ) ರುಕಾನ ಎಂಬ ಪೈಲ್ವಾನನ ಜೊತೆ ಕುಸ್ತಿ ಹಿಡಿದದ್ದು, ಆಯಿಶಾ(ರ) ಅವರ ಜೊತೆ ಓಟದಲ್ಲಿ ಒಮ್ಮೆ ಸೋತು ಒಮ್ಮೆ ಗೆದ್ದದ್ದು ಹದೀಸ್‌ಗಳಲ್ಲಿ ಬಂದಿದೆ. ಅವರ 'ಅಳ್ಬಾ' ಎಂಬ ಒಂಟೆ ಯಾವತ್ತೂ ಸೋತಿರಲಿಲ್ಲ. ಒಂದು ದಿನ ಹಳ್ಳಿಯವನೊಬ್ಬನ ಒಂಟೆ ಅದನ್ನು ಹಿಂದೆ ಹಾಕಿತು. ಸಹಾಬಿಗಳಿಗೆ ಬೇಸರವಾಯಿತು. ಲೋಕದಲ್ಲಿ ಮೇಲೇರಿದ್ದನ್ನು ಅಲ್ಲಾಹು ಕೆಳಗಿಳಿಸದೆ ಬಿಡುವುದಿಲ್ಲ ಅನ್ನುವ ಅರ್ಥದಲ್ಲಿ ಪ್ರವಾದಿಯವರು(ಸ) ಅವರನ್ನು ಸಮಾಧಾನ ಮಾಡಿದರು. ಇನ್ನೊಮ್ಮೆ, ಕುಸ್ತಿಯಲ್ಲಿ ಕೆಡವುವವನಿಗಿಂತ ಸಿಟ್ಟು ಬಂದಾಗ ತನ್ನನ್ನು ಹಿಡಿದಿಟ್ಟುಕೊಳ್ಳುವವನೇ ಬಲಶಾಲಿ ಎಂದು ಕಲಿಸಿದರು. ಪೈಲ್ವಾನರ ಈ ನಾಡಿಗೆ ಇದಕ್ಕಿಂತ ಹತ್ತಿರದ ಹದೀಸ್ ಯಾವುದಿದೆ?

ತೀರ್ಪು ಕೊಡುವವನ ವಿಷಯದಲ್ಲೂ ದಾರಿ ಸ್ಪಷ್ಟ ಇದೆ. ಪ್ರಾಮಾಣಿಕವಾಗಿ ಶ್ರಮಿಸಿ ಸರಿಯಾದ ತೀರ್ಪು ಕೊಟ್ಟ ನ್ಯಾಯಾಧೀಶನಿಗೆ ಎರಡು ಪ್ರತಿಫಲ, ಶ್ರಮಿಸಿಯೂ ತಪ್ಪಿದವನಿಗೆ ಒಂದು. ಅಲ್ಲಾಹನೇ ಪ್ರತಿಫಲ ಕೊಡುವ ತಪ್ಪಿಗೆ ನಾವು ಅಂಗಿ ಹಿಡಿಯುವುದಾ? ನಮಾಝಿನಲ್ಲಿ ಇಮಾಮರು ಮೊದಲ ಅತ್ತಹಿಯ್ಯಾತ್ ಮರೆತು ಎದ್ದು ನಿಂತರೆ ಹಿಂದಿನವರು ಏನು ಮಾಡುತ್ತೇವೆ? "ಸುಬ್‌ಹಾನಲ್ಲಾಹ್" ಅಂತ ನೆನಪಿಸುತ್ತೇವೆ, ಅವರ ಜೊತೆ ಎದ್ದು ನಿಲ್ಲುತ್ತೇವೆ, ಕೊನೆಗೆ ಸಹ್‌ವಿನ ಸುಜೂದ್ ಮಾಡುತ್ತೇವೆ. ಸಫ್ ಮುರಿದು ಇಮಾಮರ ಮೇಲೆ ಬೀಳುವುದಿಲ್ಲ. ಮಸೀದಿಯಲ್ಲಿ ಕಲಿತ ಈ ಶಿಸ್ತು ಮೈದಾನದವರೆಗೆ ಯಾಕೆ ಬರುವುದಿಲ್ಲ?

ಹಾಗಂತ ರೆಫರಿಗಳ ತಪ್ಪು ಇಲ್ಲವೇ ಇಲ್ಲ ಅಂತ ಅಲ್ಲ. ಟೂರ್ನಮೆಂಟ್ ನಡೆಸುವ ತಂಡದವರೇ ರೆಫರಿಯೂ ಆಗುವುದನ್ನು ನಾವು ಬಹಳ ಕಡೆ ನೋಡಿದ್ದೇವೆ. ನಿಮ್ಮ, ನಿಮ್ಮ ತಂದೆ-ತಾಯಿಯ ವಿರುದ್ಧವಾದರೂ ನ್ಯಾಯದಲ್ಲಿ ನಿಲ್ಲಿ ಅನ್ನುವುದು ಕುರ್‌ಆನಿನ ಆದೇಶ. ತಮ್ಮನ ಪಂದ್ಯಕ್ಕೆ ಅಣ್ಣ ಸೀಟಿ ಹಿಡಿಯಬಾರದು. ಪಂದ್ಯದ ಮುಂಚೆ ಒಂದು ತಂಡದ ಜೊತೆ ಕೂತು ಬಿರಿಯಾನಿ ತಿನ್ನಬಾರದು. ಸಿಟ್ಟಿನಲ್ಲಿ ತೀರ್ಪು ಕೊಡಬೇಡಿ ಎಂಬ ಹದೀಸ್ ರೆಫರಿಗೂ ಅನ್ವಯ. ಬೈದ ಹುಡುಗನ ಮೇಲಿನ ಕೋಪಕ್ಕೆ ಫೌಲ್ ಕೊಡುವುದು ಅನ್ಯಾಯ. ನಿಯಮ ಓದಿಕೊಂಡೇ ಬರಬೇಕು, ಫುಟ್ಬಾಲಿಗೆ ಇರುವುದೇ 17 ನಿಯಮ.

ನಮ್ಮ ಜಮಾಅತ್, ಯೂತ್ ಸಂಘಟನೆಗಳು ಟೂರ್ನಮೆಂಟ್ ಇಟ್ಟರೆ ಇಷ್ಟಾದರೂ ಮಾಡಲಿ. ಗೆರೆಯಿಂದ ಎರಡು ಮೀಟರ್ ಹೊರಗೆ ಹಗ್ಗ ಕಟ್ಟಲಿ. ಪ್ರತಿ ತಂಡದ ಕಡೆಯಿಂದ ಒಬ್ಬ ಹಿರಿಯರು ತಮ್ಮವರನ್ನು ಸುಮ್ಮನಿರಿಸುವ ಹೊಣೆ ಹೊರಲಿ. ರೆಫರಿ ಹತ್ತಿರ ನಾಯಕ ಮಾತ್ರ ಮಾತಾಡಲಿ. 2024ರ ಯುರೋ ಕಪ್‌ನಲ್ಲೂ ಇದನ್ನೇ ಜಾರಿಗೆ ತಂದಿದ್ದರು. ಮೈಕ್ ಹಿಡಿದವರು ಯಾರನ್ನೂ ಗೇಲಿ ಮಾಡದಿರಲಿ. ಪಣ ಕಟ್ಟುವುದಂತೂ ಹರಾಂ, ಸೋಲಿನ ಸಿಟ್ಟಿನ ಹಿಂದೆ ಬಹಳ ಸಲ ಇರುವುದು ಅದೇ. ಮಗ್ರಿಬ್‌ಗೆ ಮುಂಚೆ ಆಟ ಮುಗಿಯಲಿ. ಮಗ ಸೋತು ಮನೆಗೆ ಬಂದರೆ "ರೆಫರಿ ಮೋಸ ಮಾಡಿದ್ನಾ?" ಅಂತ ಕೇಳುವ ಬದಲು ಊಟ ಆಯ್ತಾ ಅಂತ ಕೇಳೋಣ.

ಕಳೆದ ವಾರ ನಾವು ಆ ಹುಡುಗನ ಮನೆಗೆ ಹೋಗಿ, ಅವನ ಉಮ್ಮನ ಎದುರೇ ತಪ್ಪಾಯ್ತು ಅಂದೆವು. ಉಸ್ತಾದ್ ಮಾಫಿ ಕೇಳುವುದನ್ನು ಕಂಡು ಅವನಿಗೇ ಮುಜುಗರವಾಯಿತು. ಮುಂದಿನ ಟೂರ್ನಮೆಂಟ್‌ಗೆ ಬರ್ತೀನಿ ಅಂದಿಲ್ಲ, ಬರಲ್ಲ ಅಂತಲೂ ಅಂದಿಲ್ಲ. ಬಂದರೆ ಆ ದಿನ ಹಗ್ಗದ ಹತ್ತಿರ ನಿಂತು ನಮ್ಮವರನ್ನು ತಡೆಯುವ ಕೆಲಸ ನಮ್ಮದು ಅಂತ ಅವನಿಗೆ ಮಾತು ಕೊಟ್ಟಿದ್ದೇವೆ. ಆ ಮಾತು ಉಳಿಸಿಕೊಳ್ಳುವ ತೌಫೀಕನ್ನು ಅಲ್ಲಾಹು ನಮಗೆ ನೀಡಲಿ, ಆಮೀನ್.