ಕ್ರಿಸ್‌ಮಸ್ ತಾತ ನಿಜವೇ? ಮಗುವಿನ ಪ್ರಶ್ನೆ, ಹಿರಿಯರ ಉತ್ತರ

ಡಿಸೆಂಬರ್ ತಿಂಗಳು ಬಂತೆಂದರೆ ಮುಂಬಯಿ, ಪುಣೆಗಳಂಥ ಮಹಾನಗರಗಳ ಶಾಲೆಗಳಲ್ಲಿ, ಅಂಗಡಿಗಳ ಮುಂದೆ ಕೆಂಪು ಉಡುಪಿನ, ಬಿಳಿಗಡ್ಡದ ಕ್ರಿಸ್‌ಮಸ್ ತಾತ ಪ್ರತ್ಯಕ್ಷನಾಗುತ್ತಾನೆ. ಕಾನ್ವೆಂಟಿಗೆ ಹೋಗುವ ನಮ್ಮ ಮಕ್ಕಳೂ ಅವನ ಕೈಯಿಂದ ಚಾಕೊಲೇಟು ಪಡೆದು ಮನೆಗೆ ಬರುತ್ತಾರೆ. “ಅವನು ನಿಜವಾಗಿಯೂ ಇದ್ದಾನೆಯೇ?” ಎಂದು ಮಗು ಕೇಳಿದಾಗ ಏನು ಹೇಳಬೇಕು? ಪಾಶ್ಚಾತ್ಯ ದೇಶಗಳ ತಾಯ್ತಂದೆಗಳು ಈ ಪ್ರಶ್ನೆಯನ್ನು ಬಹುಕಾಲದಿಂದ ಎದುರಿಸುತ್ತ ಬಂದಿದ್ದಾರೆ. ಅವರ ಅನುಭವವು ನಮಗೂ ಉಪಯುಕ್ತವಾದೀತು.

ಈ ತಾತನ ಮೂಲಪುರುಷರು ನಾಲ್ಕನೆಯ ಶತಮಾನದಲ್ಲಿ, ಇಂದಿನ ತುರ್ಕಿ ದೇಶಕ್ಕೆ ಸೇರಿದ ಮೈರಾ ಪಟ್ಟಣದ ಬಿಷಪ್ಪರಾಗಿದ್ದ ಸಂತ ನಿಕೋಲಸರು. ಅವರ ದಾನಗುಣದ ಕಥೆಗಳು ಯುರೋಪಿನಲ್ಲಿ ಹಬ್ಬಿ, ಡಚ್ಚರ ಮೂಲಕ ಅಮೆರಿಕವನ್ನು ಸೇರಿ, ‘ಸಾಂತಾ ಕ್ಲಾಸ್’ ಎಂಬ ಹೆಸರಾಯಿತು. 1897ರಲ್ಲಿ ವರ್ಜೀನಿಯಾ ಎಂಬ ಎಂಟು ವರ್ಷದ ಬಾಲಿಕೆಯು ನ್ಯೂಯಾರ್ಕಿನ ‘ದಿ ಸನ್’ ಪತ್ರಿಕೆಗೆ ಇದೇ ಪ್ರಶ್ನೆಯನ್ನು ಬರೆದು ಕಳಿಸಿದಳು. ಪ್ರೀತಿ, ಔದಾರ್ಯಗಳು ಇರುವಷ್ಟೇ ನಿಶ್ಚಯವಾಗಿ ಸಾಂತಾ ಇದ್ದಾನೆಂದು ಪತ್ರಿಕೆಯ ಸಂಪಾದಕೀಯ ಉತ್ತರಿಸಿತು. ಉತ್ತರ ಮಧುರವಾಗಿತ್ತು, ಆದರೆ ಬಾಲಿಕೆ ಕೇಳಿದ್ದ ನೇರವಾದ ಸಂಗತಿ ಅದರಲ್ಲಿ ಮರೆಯಾಯಿತು.

ಮನಶ್ಶಾಸ್ತ್ರಜ್ಞರು ಏನೆನ್ನುತ್ತಾರೆ? ಅಮೆರಿಕದಲ್ಲಿ 1978ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಾಲ್ಕು ವರ್ಷದವರಲ್ಲಿ ಶೇಕಡಾ 85, ಆರು ವರ್ಷದವರಲ್ಲಿ 65, ಎಂಟು ವರ್ಷದವರಲ್ಲಿ 25ರಷ್ಟು ಮಕ್ಕಳು ಸಾಂತಾನನ್ನು ನಂಬಿದ್ದರು. ನಂಬಿಕೆಯು ಮೊಗ್ಗಿನಂತೆ ಕಾಲಕ್ರಮದಲ್ಲಿ ತಾನಾಗಿಯೇ ಬಿರಿಯುತ್ತದೆಂದು ಇದರಿಂದ ತಿಳಿಯುತ್ತದೆ. ನಂಬಿಕೆ ಕಳೆದುಕೊಂಡ 52 ಮಕ್ಕಳನ್ನು ಮಾತನಾಡಿಸಿದ 1994ರ ಇನ್ನೊಂದು ಅಧ್ಯಯನದ ಪ್ರಕಾರ, ಬಹುಮಂದಿ ಏಳನೆಯ ವಯಸ್ಸಿನ ಸುಮಾರಿಗೆ ಸತ್ಯವನ್ನು ತಾವೇ ಕಂಡುಕೊಂಡಿದ್ದರು. ಅವರು ಅದನ್ನು ಒಟ್ಟಿನಲ್ಲಿ ಸಮಾಧಾನದಿಂದಲೇ ಸ್ವೀಕರಿಸಿದ್ದರು; ಹೆಚ್ಚು ದುಃಖಪಟ್ಟವರು ತಾಯ್ತಂದೆಗಳು!

ಆದುದರಿಂದ ಎಳೆಯ ಮಗುವಿನ ಕಲ್ಪನೆಯನ್ನು ಅವಸರದಿಂದ ಒಡೆಯಬೇಕಾಗಿಲ್ಲ. ಮಗು ಕೇಳಿದಾಗ “ನಿನಗೇನನ್ನಿಸುತ್ತದೆ?” ಎಂದು ಮೊದಲು ವಿಚಾರಿಸುವುದು ಲೇಸು. ಅದು ಕಥೆಯಲ್ಲೇ ಇರಬಯಸಿದರೆ ಇರಲಿ. ಆದರೆ ಮುಖವನ್ನೇ ದಿಟ್ಟಿಸಿ ಖಚಿತವಾದ ಉತ್ತರವನ್ನು ಬೇಡಿದಾಗ ಸುಳ್ಳು ಸಲ್ಲದು. ಮಗುವಿನ ವಿಶ್ವಾಸವು ತಾಯ್ತಂದೆಗಳಲ್ಲಿ ಇಟ್ಟ ಠೇವಣಿ; ಕೇಳಿದ ದಿನ ಅದನ್ನು ಪೂರ್ತಿಯಾಗಿ ಹಿಂದಿರುಗಿಸಲೇಬೇಕು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. “ಒಳ್ಳೆಯ ಮಕ್ಕಳಿಗೆ ಮಾತ್ರ ತಾತ ಉಡುಗೊರೆ ಕೊಡುತ್ತಾನೆ” ಎಂಬ ಮಾತು ನಿರಪಾಯವಲ್ಲ. ಒಂದೇ ಕಟ್ಟಡದಲ್ಲಿ ಒಬ್ಬನಿಗೆ ಸೈಕಲ್ಲೂ ಇನ್ನೊಬ್ಬನಿಗೆ ಪೆನ್ಸಿಲ್ ಡಬ್ಬಿಯೂ ಬಂದರೆ, ಎರಡನೆಯ ಹುಡುಗ ಅಪ್ಪನ ಸಂಬಳವನ್ನು ಲೆಕ್ಕ ಹಾಕುವುದಿಲ್ಲ. ತಾನೇ ಕೆಟ್ಟವನೆಂದು ಭಾವಿಸಿಯಾನು. ನಮ್ಮ ಮನೆಗಳ ಗುಮ್ಮನ ಮಾತೂ ಹೀಗೆಯೇ. ಪುರಂದರದಾಸರ ಕೀರ್ತನೆಯೊಂದರಲ್ಲಿ ಗುಮ್ಮನಿಗೆ ಅಂಜಿ ತಾಯಿಯನ್ನು ಬೇಡಿಕೊಳ್ಳುವ ಬಾಲಕೃಷ್ಣನನ್ನು ಕಂಡು ನಾವು ನಗುತ್ತೇವೆ. ಕತ್ತಲೆಯಲ್ಲಿ ನಡುಗುವ ಮಗುವಿಗೆ ಅದು ನಗುವಲ್ಲ. ಕಲ್ಪನೆಯ ವ್ಯಕ್ತಿಯನ್ನು ಮನೆಯ ಪೊಲೀಸನನ್ನಾಗಿ ಮಾಡಬಾರದು.

ಸತ್ಯ ತಿಳಿದ ಮಗುವಿಗೆ ಹೊಸದೊಂದು ಪಾತ್ರವನ್ನು ಕೊಡಬಹುದು. “ಗುಟ್ಟು ನಿನಗೂ ತಿಳಿಯಿತು. ಈ ಸಲ ತಂಗಿಗೆ ನೀನೇ ತಾತನಾಗು” ಎಂದರೆ, ಪಡೆಯುತ್ತಿದ್ದ ಕೈ ಕೊಡುವುದನ್ನು ಕಲಿಯುತ್ತದೆ. ಸಂತ ನಿಕೋಲಸರ ಕಥೆಯಲ್ಲಿ ಉಳಿಯಬೇಕಾದ ಸತ್ಯವೂ ಅಷ್ಟೇ.