ದುಬೈ ಸಂಬಳ, ಸಕಲೇಶಪುರದ ತೋಟ

2020ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ಕಿತ್ತುಹಾಕಿತು. ಕೃಷಿಯೇತರ ಆದಾಯ ವರ್ಷಕ್ಕೆ 25 ಲಕ್ಷ ಮುಟ್ಟಿದವರು ಜಮೀನು ಕೊಳ್ಳುವಂತಿಲ್ಲ ಎಂಬ ತಡೆ ಅಲ್ಲಿಗೆ ಹೋಯಿತು. ‘ಇನ್ನು ಯಾರು ಬೇಕಾದರೂ ಹೊಲ ಕೊಳ್ಳಬಹುದು’ ಎಂಬ ಮಾತು ಹಬ್ಬಿದ್ದು ಆಗಲೇ. ದುಬೈ, ಡಲ್ಲಾಸ್‌ಗಳಲ್ಲಿರುವ ಕನ್ನಡಿಗರೂ ಅದನ್ನು ನಂಬಿದರು.

ಸಡಿಲವಾದದ್ದು ರಾಜ್ಯದ ಕಾಯ್ದೆ ಮಾತ್ರ. ಕೇಂದ್ರದ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾ, ಹಾಗೆಯೇ ಇದೆ. ಅದರಡಿ ಬಂದ 2019ರ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರು, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಪಡೆದವರು ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳಬಹುದು, ಸೈಟ್ ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಮಾತ್ರ ಕೊಳ್ಳುವಂತಿಲ್ಲ.

‘ನನ್ನದು ಭಾರತದ್ದೇ ಪಾಸ್‌ಪೋರ್ಟ್, ನನಗ್ಯಾಕೆ ಅಡ್ಡಿ?’ ಎನ್ನುವವರಿದ್ದಾರೆ. ಫೆಮಾ ಮುಖ್ಯವಾಗಿ ನೋಡುವುದು ವಾಸವನ್ನು. ಕೆಲಸಕ್ಕೆಂದು ಹೊರದೇಶದಲ್ಲಿ ನೆಲೆಸಿದವರು ಭಾರತೀಯ ಪ್ರಜೆಗಳಾಗಿದ್ದರೂ ಅನಿವಾಸಿಗಳೇ.

ಅಪ್ಪನ ಹೆಸರಿನಲ್ಲಿ ಕೊಂಡು ಆಮೇಲೆ ದಾನಪತ್ರ ಮಾಡಿಸಿಕೊಳ್ಳುವ ಉಪಾಯವೂ ನಡೆಯದು. ದಾನವಾಗಿ ಪಡೆಯುವುದಕ್ಕೂ ಇದೇ ನಿರ್ಬಂಧವಿದೆ. ತನ್ನ ದುಡ್ಡು ಕೊಟ್ಟು ಊರಿನ ಗೆಳೆಯನ ಹೆಸರಿಗೆ ಕ್ರಯಪತ್ರ ಮಾಡಿಸಿದರಂತೂ ಬೇನಾಮಿ ಕಾಯ್ದೆಯೇ ಎದುರಾಗುತ್ತದೆ. 2016ರ ತಿದ್ದುಪಡಿಯ ನಂತರ ಅದಕ್ಕೆ ಏಳು ವರ್ಷದವರೆಗೆ ಜೈಲಿದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಯಿತೆಂದು ನಿರಾಳವಾಗುವಂತೆಯೂ ಇಲ್ಲ. ಫೆಮಾ ಉಲ್ಲಂಘನೆಗೆ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ದಂಡ ಬೀಳಬಹುದು.

ಇಷ್ಟು ಕೇಳಿದ ಕೂಡಲೇ ಊರಲ್ಲಿರುವ ಅಣ್ಣತಮ್ಮಂದಿರು ಹೂಡುವ ವಾದ ಇನ್ನೊಂದಿದೆ: ‘ಅಮೆರಿಕದ ಪ್ರಜೆಯಾದವನಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ.’ ಇದು ಶುದ್ಧ ಸುಳ್ಳು, ಅನುಕೂಲಕ್ಕೆ ಹುಟ್ಟಿದ ಸುಳ್ಳು. ಊರಿನಲ್ಲೇ ಬಾಳಿದ ತಂದೆತಾಯಿಯ ಜಮೀನು ಉತ್ತರಾಧಿಕಾರವಾಗಿ ಬಂದರೆ ಇಟ್ಟುಕೊಳ್ಳಬಹುದು. ಭಾರತದಲ್ಲಿ ವಾಸವಿದ್ದಾಗ ಕೊಂಡ ಹೊಲವೂ ವಿಮಾನ ಹತ್ತಿದ ಮಾತ್ರಕ್ಕೆ ಕೈಬಿಟ್ಟು ಹೋಗುವುದಿಲ್ಲ. ಮಾರುವಾಗ ಮಾತ್ರ ಕೊಳ್ಳುವವರು ಭಾರತದಲ್ಲೇ ನೆಲೆಸಿದವರಾಗಿರಬೇಕು.

ಹಾಗಾದರೆ ವಿದೇಶಿ ಹಣ ನಮ್ಮ ಮಣ್ಣಿಗೆ ಸೋಕುವುದೇ ಇಲ್ಲವೇ? ಸೋಕುತ್ತದೆ. ಚಹಾ ತೋಟಗಳಿಗೆ ಮೊದಲೇ ದಾರಿ ತೆರೆದಿತ್ತು. 2015ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಾಫಿ, ರಬ್ಬರ್, ಏಲಕ್ಕಿ ತೋಟಗಳಿಗೂ ಶೇ 100ರಷ್ಟು ವಿದೇಶಿ ನೇರ ಹೂಡಿಕೆಗೆ ಒಪ್ಪಿತು. ಕೊಡಗಿನಲ್ಲಿ ಹುಟ್ಟಿ ಕುವೈತ್‌ನಲ್ಲಿ ದುಡಿಯುವ ನರ್ಸ್ ತನ್ನ ಉಳಿತಾಯದಲ್ಲಿ ಒಂದು ಎಕರೆ ಕಾಫಿ ತೋಟ ಕೊಳ್ಳುವಂತಿಲ್ಲ. ಆದರೆ ವಿದೇಶಿ ಸಂಸ್ಥೆ ಇಲ್ಲಿನ ತೋಟದ ಕಂಪನಿಯ ಅಷ್ಟೂ ಷೇರು ಹಿಡಿಯಬಹುದು. ವಿಚಿತ್ರವೇ ಸರಿ. ಆ ಕಂಪನಿಗೂ ಒಂದು ಷರತ್ತುಂಟು: ತೋಟದ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಬೇಕೆಂದರೆ ರಾಜ್ಯ ಸರ್ಕಾರದ ಪೂರ್ವಾನುಮತಿ ಪಡೆಯಲೇಬೇಕು.