ಹೆರಿಗೆ ಕೋಣೆಯ ಕೈಗವಸು

ಕಾರ್ಖಾನೆಯಲ್ಲಿ ತಯಾರಾದ ಕೈಗವಸುಗಳಲ್ಲಿ ಕೆಲವನ್ನು ಆರಿಸಿ, ಒಂದೊಂದಕ್ಕೂ ಒಂದು ಲೀಟರ್ ನೀರು ತುಂಬಿ ನೇತುಹಾಕುತ್ತಾರೆ. ಎರಡು ನಿಮಿಷದೊಳಗೆ ಎಲ್ಲೂ ಹನಿ ಮೂಡಬಾರದು. ಪರೀಕ್ಷೆ ಒಳ್ಳೆಯದೇ. ಆದರೆ ನೀರು ತುಂಬಿಸಿಕೊಂಡ ಗವಸು ಮಾರಾಟಕ್ಕೆ ಹೋಗುವುದಿಲ್ಲ. ಮಾರಾಟಕ್ಕೆ ಹೋದದ್ದಕ್ಕೆ ಯಾರೂ ನೀರು ತುಂಬಿ ನೋಡಿರುವುದಿಲ್ಲ. ನೂರರಲ್ಲಿ ಒಂದೆರಡು ಸೋರಬಹುದೆಂದು ಮಾನದಂಡವೇ ಒಪ್ಪಿಕೊಂಡಿದೆ. ಆದ್ದರಿಂದ ಹೆರಿಗೆ ಮಾಡಿಸಲು ಕಲಿಯುತ್ತಿರುವವರಿಗೆ ಗವಸಿನ ಮೊದಲ ಪಾಠ ನಲ್ಲಿಯ ಬಳಿಯೇ ಆಗಬೇಕು. ಬಳೆ, ಉಂಗುರ ತೆಗೆದು, ಉಗುರು ಕತ್ತರಿಸಿ, ಸೋಪು ಹಚ್ಚಿ ಬೆರಳ ಸಂದಿಯೆಲ್ಲ ಉಜ್ಜಿ ತೊಳೆದ ಕೈಗೆ ಮಾತ್ರ ಗವಸು. ಬೆವರಿ ಬೆಚ್ಚಗಾದ ಗವಸಿನೊಳಗೆ ಚರ್ಮದ ಸೂಕ್ಷ್ಮಾಣುಗಳು ಹೆಚ್ಚುತ್ತಲೇ ಇರುತ್ತವೆ. ಸೂಜಿಮೊನೆಯಷ್ಟು ತೂತಿದ್ದರೆ ಅವಕ್ಕೆ ಅದೇ ದಾರಿ.

ಗವಸು ಹುಟ್ಟುವ ಬಗೆ ಗೊತ್ತಿದ್ದರೆ ಅದನ್ನು ಕಾಪಾಡುವ ಬಗೆಯೂ ತಿಳಿಯುತ್ತದೆ. ಕೈಯಾಕಾರದ ಪಿಂಗಾಣಿ ಅಚ್ಚುಗಳು ಸಾಲಾಗಿ ಬಂದು ಮೊದಲು ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ, ಆಮೇಲೆ ರಬ್ಬರ್ ಹಾಲಿನಲ್ಲಿ, ಅಂದರೆ ಲೇಟೆಕ್ಸ್‌ನಲ್ಲಿ, ಮುಳುಗಿ ಏಳುತ್ತವೆ. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಮರದಿಂದ ಚಿಪ್ಪಿಗೆ ಇಳಿಯುವುದೂ ಇದೇ ಹಾಲು. ಕ್ಯಾಲ್ಸಿಯಂ ತಾಗಿದೊಡನೆ ಹಾಲು ಅಚ್ಚಿನ ಮೇಲೆಯೇ ಹೆಪ್ಪುಗಟ್ಟಿ ಪೊರೆಯಾಗುತ್ತದೆ. ಅಲರ್ಜಿ ತರುವ ಪ್ರೋಟೀನನ್ನು ಬಿಸಿನೀರಿನಲ್ಲಿ ತೊಳೆದು ತಗ್ಗಿಸುತ್ತಾರೆ. ಹಾಲಿಗೆ ಬೆರೆಸಿದ್ದ ಗಂಧಕ ಕಾವಿಗೆ ಕೆರಳಿ ರಬ್ಬರಿನ ಉದ್ದುದ್ದ ಅಣುಸರಪಳಿಗಳನ್ನು ಒಂದಕ್ಕೊಂದು ಹೆಣೆಯುತ್ತದೆ. ಎಳೆದರೆ ಹಿಗ್ಗಿ, ಬಿಟ್ಟರೆ ಮರಳಿ ಕುಗ್ಗುವ ಗುಣ ಈ ಹೆಣಿಗೆಯದು. ಎಣ್ಣೆ ಇದರ ನಡುವೆ ನುಸುಳಿ ಪೊರೆಯನ್ನು ಉಬ್ಬಿಸಿ ಸಡಿಲಿಸುತ್ತದೆ. ನೋಡನೋಡುತ್ತಲೇ ಗವಸು ಬಲ ಕಳೆದುಕೊಳ್ಳುತ್ತದೆ. ಹೆರಿಗೆಗೆ ಹರಳೆಣ್ಣೆ, ಕೊಬ್ಬರಿ ಎಣ್ಣೆ ಸವರುವ ರೂಢಿ ನಮ್ಮಲ್ಲಿ ಹಳೆಯದು. ಲೇಟೆಕ್ಸ್ ಗವಸು ತೊಟ್ಟ ಕೈಗೆ ಎಣ್ಣೆಯೂ ಕೂಡದು, ವ್ಯಾಸಲೀನೂ ಕೂಡದು. ಇದನ್ನು ಪ್ರತಿ ತರಬೇತಿಯಲ್ಲೂ ಬಿಡಿಸಿ ಹೇಳಬೇಕು.

ಗವಸು ಬರುವ ಮುಂಚೆಯೇ ಕೈಯ ತಪ್ಪು ಬಯಲಾಗಿತ್ತು. ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದರು. 1847ರ ಏಪ್ರಿಲ್‌ನಲ್ಲಿ ಆ ಹೆರಿಗೆ ವಿಭಾಗದ ಬಾಣಂತಿಯರಲ್ಲಿ ನೂರಕ್ಕೆ 18 ಮಂದಿ ಸತ್ತರು. ಅಲ್ಲಿನ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಮೇ ತಿಂಗಳಲ್ಲಿ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ರಬ್ಬರ್ ಗವಸು ಶಸ್ತ್ರಚಿಕಿತ್ಸೆಯ ಕೋಣೆಗೆ ಬಂದದ್ದು ಅದಾಗಿ ನಾಲ್ಕು ದಶಕ ಕಳೆದ ಮೇಲೆ, ಅದೂ ರೋಗಿಗಾಗಿ ಅಲ್ಲ. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಪಾದರಸದ ಔಷಧಿ ತಾಗಿ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈ ಹುಣ್ಣಾಗುತ್ತಿತ್ತು. ಅವರ ಕೈ ಉಳಿಸಲೆಂದು ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ಕಂಪನಿಯಿಂದ ಗವಸು ಮಾಡಿಸಿದರು. ತೊಟ್ಟವರಿಗಷ್ಟೇ ಅಲ್ಲದೆ ರೋಗಿಗೂ ಅದರಿಂದ ರಕ್ಷಣೆಯಿದೆಯೆಂಬುದು ಮನದಟ್ಟಾಗಲು ಇನ್ನಷ್ಟು ವರ್ಷ ಹಿಡಿಯಿತು.

ತೊಡುವ ಕ್ರಮಕ್ಕೆ ಒಂದೇ ಸೂತ್ರ: ಬರಿಗೈ ಗವಸಿನ ಒಳಮೈಯನ್ನಷ್ಟೇ ಮುಟ್ಟಬೇಕು. ಅದಕ್ಕೇ ಹೆರಿಗೆಗೆ ಬರುವ ಕ್ರಿಮಿಶುದ್ಧ ಗವಸಿನ ಅಂಚು ಪೊಟ್ಟಣದಲ್ಲೇ ಹೊರಕ್ಕೆ ಮಡಚಿರುತ್ತದೆ. ಮಡಿಕೆ ಹಿಡಿದು ಮೊದಲನೆಯದನ್ನು ಏರಿಸಿ, ಗವಸು ತೊಟ್ಟ ಬೆರಳುಗಳನ್ನು ಎರಡನೆಯದರ ಮಡಿಕೆಯೊಳಗೆ ತೂರಿಸಿ ಎತ್ತಿಕೊಳ್ಳಬೇಕು. ಕಳಚುವುದು ಇದಕ್ಕಿಂತ ಕಷ್ಟ. ಕಲಿಸಲು ಅರಿಶಿನವೇ ಸಾಕು. ಗವಸು ತೊಟ್ಟ ಕೈಗೆ ಅರಿಶಿನದ ನೀರು ಸವರಿ, ಚರ್ಮಕ್ಕೆ ಹಳದಿ ತಾಗದಂತೆ ಕಳಚಲು ಹೇಳಿ. ಮೊದಲ ಸಲ ಬಹಳ ಮಂದಿಯ ಮಣಿಕಟ್ಟಿನಲ್ಲಿ ಹಳದಿ ಉಳಿಯುತ್ತದೆ. ಒಂದರ ಹೊರ ಅಂಚನ್ನು ಚಿವುಟಿ ಒಳಹೊರಗಾಗಿ ಸುಲಿದು ಮತ್ತೊಂದು ಮುಷ್ಟಿಯಲ್ಲಿ ಹಿಡಿದು, ಬರಿಬೆರಳನ್ನು ಎರಡನೆಯದರ ಒಳಗಿನಿಂದ ತೂರಿಸಿ ಸುಲಿದರೆ ಮೊದಲನೆಯದು ಎರಡನೆಯದರ ಹೊಟ್ಟೆ ಸೇರುತ್ತದೆ, ಕೊಳೆಯೆಲ್ಲ ಒಳಗೇ ಉಳಿಯುತ್ತದೆ. ಆಮೇಲೆ ಮತ್ತೆ ಸೋಪು, ನೀರು.

ಅರಿಶಿನ ಇನ್ನೊಂದನ್ನೂ ತೋರಿಸುತ್ತದೆ. ಅದೇ ಕೈಯಲ್ಲಿ ಲೈಟಿನ ಸ್ವಿಚ್, ಕೇಸ್ ಶೀಟ್, ಮೊಬೈಲ್ ಮುಟ್ಟಿದರೆ ಎಲ್ಲೆಲ್ಲೂ ಹಳದಿ ಗುರುತು. ತಾಯಿ ಮುಕ್ಕುವಾಗ ಮಲ ಬರುವುದು ಸಹಜ. ಅದನ್ನು ಒರೆಸಿದ ಗವಸೇ ಹೊಕ್ಕುಳಬಳ್ಳಿಗೆ ಹೋಗುವುದು ಅಪಾಯ. ಹಾಗಾಗಿ ಕೊನೆಯ ಹಂತದಲ್ಲಿ ಎರಡು ಜೊತೆ ಒಂದರ ಮೇಲೊಂದು ತೊಟ್ಟು, ಮಗು ಹೊರಬಂದ ಮೇಲೆ ಮೇಲಿನದನ್ನು ಕಳಚಿ ಬಳ್ಳಿಗೆ ಕೈ ಹಾಕುವುದು ಸುರಕ್ಷಿತ. ಒಮ್ಮೆ ಬಳಸಿದ್ದನ್ನು ತೊಳೆದು ಒಣಗಿಸಿ ಮತ್ತೆ ತೊಡಬಾರದು. ತೊಳೆದಷ್ಟೂ ಪೊರೆ ಬಿರಿಯುತ್ತದೆ. ಬಳಸಿದ ಗವಸು ಕೆಂಪು ಚೀಲಕ್ಕೆ, ಮಾಸು ಹಳದಿ ಚೀಲಕ್ಕೆ.

108 ಆಂಬುಲೆನ್ಸ್ ಬರುವ ಮೊದಲೇ ಮನೆಯಲ್ಲೋ ದಾರಿಯಲ್ಲೋ ಹೆರಿಗೆಯಾದರೆ, ಗವಸು ಸಿಗದಿದ್ದರೆ, ಸೋಪಿನಲ್ಲಿ ಚೆನ್ನಾಗಿ ತೊಳೆದ ಕೈಯೇ ಆಸರೆ. ಬಳ್ಳಿ ಕತ್ತರಿಸಲು ಅವಸರಪಡಬೇಕಿಲ್ಲ. ಮಗುವನ್ನು ಒರೆಸಿ, ತಾಯಿಯ ಎದೆಯ ಮೇಲೆ ಮಲಗಿಸಿ, ಇಬ್ಬರಿಗೂ ಬೆಚ್ಚಗೆ ಹೊದೆಸಿ, ನರ್ಸ್ ಬರುವವರೆಗೆ ಬಳ್ಳಿಯನ್ನು ಹಾಗೆಯೇ ಬಿಡಬಹುದು.